ಏಳು ವರ್ಷದ ಬೈಕಿಗೆ ಎಷ್ಟು ಬೆಲೆ ಹೇಳಬೇಕು ಅಂತ ಕೇಳಿದ್ದಿರಲ್ಲ, ಅದಕ್ಕೆ ಉತ್ತರ

ನಮಸ್ಕಾರ ಸರ್. ನೀವು ಬರೆದದ್ದನ್ನು ಎರಡು ಸಲ ಓದಿದೆ. ಏಳು ವರ್ಷದ ಬೈಕು, 38,000 ಕಿಲೋಮೀಟರ್ ಓಡಿದೆ, ಮೊದಲಿನಿಂದ ನಿಮ್ಮ ಕೈಯಲ್ಲೇ ಇದೆ, ಒಂದು ಸರ್ವಿಸನ್ನೂ ತಪ್ಪಿಸಿಲ್ಲ. ಹಳೆ ಗಾಡಿ ಕೊಳ್ಳುವ ಅಂಗಡಿಯವರು ಹೇಳಿದ ಬೆಲೆ ಕೇಳಿ ನಿಮಗೆ ಬೇಜಾರಾಗಿದೆ. ಗೆಳೆಯರು ಅದರ ಒಂದೂವರೆ ಪಟ್ಟು ಕೇಳಿ ಅನ್ನುತ್ತಿದ್ದಾರೆ. ಇಷ್ಟು ವರ್ಷ ಮಾಡಿದ ಖರ್ಚನ್ನೆಲ್ಲ ಪಟ್ಟಿ ಮಾಡಿ, ಇದರಲ್ಲಿ ಎಷ್ಟು ವಾಪಸ್ ಬರಬೇಕು ಅಂತಲೂ ಕೇಳಿದ್ದೀರಿ.

ಮೊದಲು ಆ ಪಟ್ಟಿಯನ್ನು ಬದಿಗಿಡಿ. ಹೀಗೆ ಹೇಳುವುದಕ್ಕೆ ನನಗೂ ಕಷ್ಟವಾಗುತ್ತದೆ. ನೀವು ಹಾಕಿದ ಆಯಿಲ್, ಬದಲಿಸಿದ ಪ್ಲಗ್, ಏರ್ ಫಿಲ್ಟರ್ ಎಲ್ಲವೂ ನೀವು ಓಡಿಸಿದ ಕಿಲೋಮೀಟರಿಗೆ ಸಂದು ಹೋಯಿತು. ಕೊಳ್ಳುವವರು ಹಿಂದಿನ ಖರ್ಚು ನೋಡುವುದಿಲ್ಲ. ಈ ಗಾಡಿ ತಗೊಂಡರೆ ಮುಂದಿನ ಒಂದು ವರ್ಷ ನನ್ನ ಜೇಬಿನಿಂದ ಎಷ್ಟು ಹೋಗುತ್ತದೆ ಅಂತ ಮಾತ್ರ ನೋಡುತ್ತಾರೆ. ನಿಮ್ಮ ಜೋಪಾನಕ್ಕೆ ಬೆಲೆ ಸಿಗುವುದು ಅಲ್ಲೇ. ಅವರ ಮುಂದಿನ ಖರ್ಚು ಎಷ್ಟು ಕಡಿಮೆಯೋ ನಿಮ್ಮ ಬೆಲೆ ಅಷ್ಟು ಮೇಲಕ್ಕೆ ಹೋಗುತ್ತದೆ. ಆದರೆ ಅದಕ್ಕೂ ಒಂದು ಮಿತಿ ಇದೆ. ಎಷ್ಟೇ ಚೆನ್ನಾಗಿಟ್ಟರೂ ಅದೇ ಮಾಡೆಲ್, ಅದೇ ವಯಸ್ಸಿನ ಗಾಡಿಗಳಲ್ಲಿ ಒಳ್ಳೆಯದಕ್ಕೆ ಸಿಗುವ ಬೆಲೆಗಿಂತ ತುಂಬಾ ಮೇಲೆ ಹೋಗುವುದಿಲ್ಲ.

ಹಾಗಾದರೆ ಆ ಬೆಲೆ ಎಷ್ಟು ಅಂತ ಹೇಗೆ ಗೊತ್ತಾಗುತ್ತದೆ? ನಿಮ್ಮದೇ ಮಾಡೆಲಿನ ಮಾರಾಟದ ಜಾಹೀರಾತು ಕನಿಷ್ಠ ಹತ್ತು ಹುಡುಕಿ. ವಯಸ್ಸಿನಲ್ಲಿ ಒಂದು ವರ್ಷ ಹಿಂದೆ ಮುಂದೆ ಆಗಲಿ, ಓಡಿದ್ದರಲ್ಲಿ ಹತ್ತು ಸಾವಿರ ಕಿಲೋಮೀಟರ್ ಹೆಚ್ಚು ಕಡಿಮೆ ಆಗಲಿ, ಪರವಾಗಿಲ್ಲ. ಬೆಲೆ, ತಾರೀಖು, ಸ್ಥಿತಿ ಬರೆದಿಟ್ಟುಕೊಳ್ಳಿ. ಎರಡು ವಾರ ಬಿಟ್ಟು ಮತ್ತೆ ನೋಡಿ. ಬೇಗ ಮಾಯವಾದವು ಸರಿಯಾದ ಬೆಲೆ ಹೇಳಿದ್ದವು ಅಂತ ಸುಮಾರಾಗಿ ತಿಳಿಯಬಹುದು. ಹಾಗೇ ಉಳಿದುಕೊಂಡವು ಜಾಸ್ತಿ ಹೇಳಿದ್ದವು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಹೆಚ್ಚಿನವರು ಇವತ್ತು ಕಾಣುವ ಜಾಹೀರಾತು ನೋಡಿ ಬೆಲೆ ಇಡುತ್ತಾರೆ. ಆದರೆ ತಿಂಗಳುಗಟ್ಟಲೆ ಮಾರಾಟವಾಗದ ಗಾಡಿಗಳೇ ಅಲ್ಲಿ ಜಾಸ್ತಿ ಕಾಣುವುದು. ಮಾರಾಟವಾದವು ಅಲ್ಲಿ ಇರುವುದೇ ಇಲ್ಲ ಅಲ್ವಾ? ಇನ್ನೊಂದು ಮಾತು, ಜಾಹೀರಾತಿನಲ್ಲಿರುವುದು ಕೇಳುವ ಬೆಲೆ. ಕೈಗೆ ಬರುವುದು ಅದಕ್ಕಿಂತ ಸ್ವಲ್ಪ ಕೆಳಗೇ ಇರುತ್ತದೆ.

ಅಂಗಡಿಯವರ ಬೆಲೆ ಕೇಳಿ ಬೇಜಾರಾಗಬೇಡಿ. ಅವರು ಗಾಡಿ ತೊಳೆದು, ರಿಪೇರಿ ಮಾಡಿಸಿ, ಮಾರಾಟವಾಗುವ ತನಕ ಇಟ್ಟುಕೊಂಡು, ಮೇಲೆ ತಮ್ಮ ಲಾಭವನ್ನೂ ತೆಗೆಯಬೇಕು. ಆ ಬೆಲೆಯನ್ನು ನಿಮ್ಮ ನೆಲ ಅಂದುಕೊಳ್ಳಿ. ಅದಕ್ಕಿಂತ ಕೆಳಗೆ ಬೇರೆಯವರಿಗೆ ಕೊಡುವ ಅಗತ್ಯ ಇಲ್ಲ. ಮೇಲಿನ ಮಿತಿ ಹೊಸ ಗಾಡಿಯ ಇವತ್ತಿನ ಬೆಲೆ. ನೀವು ಆವತ್ತು ಎಷ್ಟಕ್ಕೆ ತಗೊಂಡಿರಿ ಅನ್ನುವುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಅದೇ ಮಾಡೆಲಿನ ಹೊಸದರಲ್ಲಿ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಬಂದು ನಿಮ್ಮದರಲ್ಲಿ ಇಲ್ಲದಿದ್ದರೆ, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಹೋಗಿ ಅದೇ ಕೆಲಸವನ್ನು ಎಲೆಕ್ಟ್ರಾನಿಕ್ ಆಗಿ ಮಾಡುವ ಫ್ಯೂಯಲ್ ಇಂಜೆಕ್ಷನ್ ಬಂದಿದ್ದರೆ, ಆ ವ್ಯತ್ಯಾಸವನ್ನು ಕೊಳ್ಳುವವರು ಲೆಕ್ಕ ಹಾಕಿಯೇ ಹಾಕುತ್ತಾರೆ.

ಈಗ ಗಾಡಿಯ ಹತ್ತಿರ ಹೋಗಿ. ಕೊಳ್ಳುವವರ ಕಣ್ಣಿನಿಂದ ನೋಡಿ.

ಟೈರಿನಿಂದ ಶುರು ಮಾಡಿ. ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಅಕ್ಷರಗಳ ಕೊನೆಯಲ್ಲಿ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಆಮೇಲಿನ ಎರಡು ವರ್ಷ. 2319 ಅಂತ ಇದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಿಮ್ಮ ಗಾಡಿಯಲ್ಲಿ ಮೊದಲಿನ ಟೈರೇ ಇದ್ದರೆ, ಮೇಲಿನ ಗೀರುಗಳು ಎಷ್ಟೇ ಆಳ ಉಳಿದಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆ ಇರುತ್ತದೆ. ತಿಳಿದವರು ಬಂದ ತಕ್ಷಣ ಬಗ್ಗಿ ನೋಡುವುದೇ ಆ ಅಂಕಿಯನ್ನು.

ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ (ಚೈನ್ ಕೂರುವ ಹಲ್ಲಿನ ಚಕ್ರ) ಹಿಂಭಾಗದಲ್ಲಿ, ನಟ್ಟನಡುವೆ ಹಿಡಿದು ಹಿಂದಕ್ಕೆ ಎಳೆಯಿರಿ. ಅದು ಎದ್ದು ಬಂದು ಹಲ್ಲು ಅರ್ಧದಷ್ಟು ಕಂಡರೆ ಚೈನ್ ಮುಗಿದಿದೆ. ಹಲ್ಲುಗಳು ಕೊಕ್ಕೆಯಂತೆ ಒಂದು ಕಡೆ ಬಾಗಿದ್ದರೆ ಸ್ಪ್ರಾಕೆಟ್ಟುಗಳೂ ಮುಗಿದಿವೆ, ಪೂರ್ತಿ ಸೆಟ್ ಬದಲಿಸಬೇಕು. ಬ್ರೇಕ್ ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ, ಅದನ್ನು ಅಳೆಯಿರಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಅದಕ್ಕೇ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅನ್ನುವುದು. ಕೊನೆಯದಾಗಿ ಬದಲಿಸಿದ್ದು ಯಾವಾಗ, ಬಿಲ್ ಇದೆಯಾ ನೋಡಿ. ಬ್ಯಾಟರಿ ರಾತ್ರಿಯೆಲ್ಲ ಸುಮ್ನೆ ಬಿಟ್ಟ ಮೇಲೆ ವೋಲ್ಟ್ ಮೀಟರಿನಲ್ಲಿ 12.6 ವೋಲ್ಟ್ ಹತ್ತಿರ ತೋರಿಸಿದರೆ ಚಾರ್ಜ್ ಪೂರ್ತಿ ಉಳಿದಿದೆ ಅಂತ. ಎಂಜಿನ್ ಚಾಲೂ ಇಟ್ಟು ಸ್ವಲ್ಪ ರೇಸ್ ಮಾಡಿದಾಗ ಸಾಮಾನ್ಯವಾಗಿ 13.5ರಿಂದ 14.5ರ ನಡುವೆ ಬರಬೇಕು. ಬಂದರೆ ಚಾರ್ಜಿಂಗ್ ಸರಿ ಇದೆ. ಮುಂದಿನ ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಎರಡು ಕಾಲು) ಕೊಳವೆಯ ಮೇಲೆ ಆಯಿಲ್ ಉಂಗುರ ಕಂಡರೆ ಸೀಲ್ ಹೋಗುತ್ತಿದೆ. ಮುಂದಿನ ಚಕ್ರ ನೆಲ ಬಿಟ್ಟು ನಿಲ್ಲುವಂತೆ ಮಾಡಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನೇರಕ್ಕೆ ಬಂದಾಗ ಒಂದು ಕಡೆ ಸಿಕ್ಕಿದಂತೆ ಆದರೆ ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸವೆದಿದೆ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಮುಂದಿನ ಒಂದು ವರ್ಷದಲ್ಲಿ ಯಾವುದಕ್ಕೆ ಖರ್ಚು ಬೀಳುತ್ತದೋ ಅದರ ಇವತ್ತಿನ ಬೆಲೆ ಪಕ್ಕದಲ್ಲಿ ಬರೆಯಿರಿ. ಲೆಕ್ಕದ ದಾರಿ ತೋರಿಸಲು ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮಂಥ ಗಾಡಿ ಎಲ್ಲ ಸರಿ ಇದ್ದರೆ 100ಕ್ಕೆ ಹೋಗುತ್ತದೆ ಅಂತಿಟ್ಟುಕೊಳ್ಳಿ. ಎರಡು ಟೈರಿಗೆ 8, ಚೈನ್ ಸೆಟ್ಟಿಗೆ 4 ಬೇಕಾದರೆ ನಿಮ್ಮ ಗಾಡಿಯ ಬೆಲೆ 88ರ ಆಸುಪಾಸು. ಅದೇ ಟೈರು ಹೋದ ವರ್ಷ ಹಾಕಿಸಿದ್ದು, ಚೈನ್ ಸೆಟ್ ಹೊಸದು ಅಂದರೆ 100 ಕೇಳುವ ಹಕ್ಕು ನಿಮಗಿದೆ. ಆದರೆ 112 ಕೇಳುವ ಹಕ್ಕು ಬರುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಹಾಗಾದರೆ ಮಾರುವ ಮೊದಲು ಎಲ್ಲ ಹೊಸದು ಹಾಕಿಸಬೇಕಾ? ನನ್ನ ಅಭಿಪ್ರಾಯದಲ್ಲಿ ಸಣ್ಣಪುಟ್ಟದ್ದು ಹಾಕಿಸಿ, ದೊಡ್ಡದು ಬೇಡ. ಉರಿಯದ ಇಂಡಿಕೇಟರ್, ಬಿಗಿಯಾದ ಕ್ಲಚ್ ಕೇಬಲ್, ಸವೆದ ಬ್ರೇಕ್ ಪ್ಯಾಡ್, ದುರ್ಬಲ ಬ್ಯಾಟರಿ ಎಲ್ಲ ಸರಿ ಮಾಡಿಸಿ. ಖರ್ಚು ಚಿಕ್ಕದು, ಆದರೆ ಹಾಗೇ ಬಿಟ್ಟರೆ ಕಂಡವರಿಗೆ ಕಣ್ಣಿಗೆ ಕಾಣದ್ದೂ ಹೀಗೇ ಇರಬಹುದು ಅನ್ನುವ ಅನುಮಾನ ಹುಟ್ಟುತ್ತದೆ. ಟೈರು, ಚೈನ್ ಸೆಟ್ ಮಾತ್ರ ಹಾಗಲ್ಲ. ಹಾಕಿದ ದುಡ್ಡು ಪೂರ್ತಿ ವಾಪಸ್ ಬರುವುದು ಕಷ್ಟ, ತಗೊಳ್ಳುವವರಿಗೆ ತಮ್ಮದೇ ಆಯ್ಕೆ ಇರುತ್ತದೆ. ಇದ್ದದ್ದನ್ನು ಹೇಳಿ ಬೆಲೆ ಇಳಿಸಿದರೆ ಸಾಕು. ಆದರೆ ಟೈರು ಪೂರ್ತಿ ಬೋಳಾಗಿದ್ದರೆ ಬದಲಿಸಲೇಬೇಕು. ಅಂಥ ಗಾಡಿಯನ್ನು ಓಡಿಸಿ ನೋಡಿ ಅಂತ ಇನ್ನೊಬ್ಬರ ಕೈಗೆ ಕೊಡುವುದು ತಪ್ಪು.

ನೀವು ಹಾಕಿಸಿದ ಸೈಡ್ ಬಾಕ್ಸ್, ಹೆಚ್ಚುವರಿ ಲೈಟು, ಬೇರೆ ಸೈಲೆನ್ಸರ್ ವಿಚಾರ. ಇವುಗಳಿಂದ ಬೆಲೆ ಏರುವುದು ಅಪರೂಪ. ಬಾಕ್ಸು, ಲೈಟು ಬಿಚ್ಚಿ ಬೇರೆಯಾಗಿ ಮಾರಿದರೆ ಜಾಸ್ತಿ ಸಿಗುತ್ತದೆ. ಲೈಟು ಬಿಚ್ಚುವಾಗ ಕತ್ತರಿಸಿ ಸೇರಿಸಿದ ವೈರುಗಳನ್ನು ಮೊದಲಿನಂತೆ ಮಾಡಿಸಿ, ಟೇಪು ಸುತ್ತಿದ ವೈರು ಕಂಡರೆ ಕೊಳ್ಳುವವರು ಹಿಂಜರಿಯುತ್ತಾರೆ. ಕ್ರ್ಯಾಶ್ ಗಾರ್ಡ್ ಇರಲಿ. ಸೈಲೆನ್ಸರ್ ಮಾತ್ರ ಕಂಪನಿಯದ್ದನ್ನೇ ವಾಪಸ್ ಹಾಕಿ. ಸದ್ದು ಜಾಸ್ತಿ ಇದ್ದರೆ ಗಾಡಿಯನ್ನು ಹಿಂಡಿ ಓಡಿಸಿದ್ದಾರೆ ಅಂತ ಅನ್ನಿಸುತ್ತದೆ, ನೀವು ಎಷ್ಟೇ ಮೆಲ್ಲಗೆ ಓಡಿಸಿದ್ದರೂ. ಕಂಪನಿಯಿಂದ ಬಂದಂತೆ ಇರುವ ಗಾಡಿಯನ್ನು ಕೇಳುವವರು ಜಾಸ್ತಿ.

38,000 ಜಾಸ್ತಿ ಆಯಿತೇನೋ ಅಂತ ಅಳುಕು ಬೇಡ. ಏಳು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 5,400, ದಿನಕ್ಕೆ ಸುಮಾರು 15 ಕಿಲೋಮೀಟರ್. ಇದು ಹಿತವಾದ ಬಳಕೆ. ಅದೇ ಏಳು ವರ್ಷದಲ್ಲಿ 6,000 ಮಾತ್ರ ಓಡಿದ ಗಾಡಿ ಕಂಡರೆ ನಾನು ಇನ್ನೂ ಹುಷಾರಾಗಿ ನೋಡುತ್ತೇನೆ. ನಿಂತೇ ಇದ್ದ ಗಾಡಿಯಲ್ಲಿ ಸೀಲುಗಳು ಒಣಗುತ್ತವೆ, ಹಳೆ ಪೆಟ್ರೋಲ್ ಅಂಟಾಗಿ ಕೂರುತ್ತದೆ, ಟ್ಯಾಂಕಿನೊಳಗೆ ತುಕ್ಕು ಹಿಡಿಯುತ್ತದೆ. ಆದರೆ ಮೀಟರಿನ ಅಂಕಿ ನಿಜ ಅಂತ ನಂಬಿಸುವ ಕೆಲಸ ನಿಮ್ಮದು. ಅದಕ್ಕೆ ಸರ್ವಿಸ್ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಒಂದು ಫೈಲಿಗೆ ಹಾಕಿ. ಹೆಚ್ಚಿನ ಬಿಲ್ಲುಗಳಲ್ಲಿ ಆವತ್ತಿನ ಕಿಲೋಮೀಟರ್ ಬರೆದಿರುತ್ತಾರೆ. ಅಂಕಿಗಳು ಒಂದೇ ಸಮನಾಗಿ ಏರುತ್ತಾ ಬಂದದ್ದು ಕಂಡರೆ ಬೇರೆ ಸಾಕ್ಷಿ ಬೇಡ. ಏಳು ವರ್ಷ ತಪ್ಪದೆ ಸರ್ವಿಸ್ ಮಾಡಿಸಿದ ಫಲ ನಿಮಗೆ ಸಿಗುವುದು ಈ ಫೈಲಿನಲ್ಲಿ. ಇದು ಇದ್ದರೆ ಬೆಲೆಯ ಹಂತದಲ್ಲಿ ಮೇಲಿನ ತುದಿಗೆ ನಿಲ್ಲಬಹುದು.

ನನ್ನ ಅನುಭವ ಹೇಳುತ್ತೇನೆ. ನನ್ನ ಮೊದಲ ಬೈಕನ್ನು ಮಾರುವಾಗ ನಾನೂ ಖರ್ಚಿನ ಪಟ್ಟಿ ಹಿಡಿದೇ ಬೆಲೆ ಇಟ್ಟಿದ್ದೆ. ಎಂಜಿನ್ ಬಿಚ್ಚಿಸಿ ಹೊಸ ಪಿಸ್ಟನ್ ಹಾಕಿಸಿದ್ದೆ, ಆ ದುಡ್ಡನ್ನು ಪೂರ್ತಿ ಸೇರಿಸಿದ್ದೆ. ಮೊದಲ ವಾರ ಒಬ್ಬರು ಬಂದು ನ್ಯಾಯವಾದ ಬೆಲೆಯನ್ನೇ ಕೇಳಿದರು. ನಾನು ಒಪ್ಪಲಿಲ್ಲ. ನಾಲ್ಕು ತಿಂಗಳು ಗಾಡಿ ಮನೆ ಮುಂದೆ ನಿಂತಿತು. ಬ್ಯಾಟರಿ ಸತ್ತಿತು, ಕಾರ್ಬುರೇಟರ್ ಕಟ್ಟಿಕೊಂಡಿತು. ಕೊನೆಗೆ ಆ ಮೊದಲಿನವರು ಹೇಳಿದ್ದಕ್ಕಿಂತ ಕಡಿಮೆಗೆ ಕೊಟ್ಟೆ. ದುಡ್ಡಿಗಿಂತ ಹೆಚ್ಚಾಗಿ, ಅಷ್ಟು ಪ್ರೀತಿಯಿಂದ ಇಟ್ಟ ಗಾಡಿ ನಿಂತು ಹಾಳಾದದ್ದನ್ನು ನೋಡಿ ಸಂಕಟವಾಯಿತು. ಎರಡನೇ ಬೈಕಿನಲ್ಲಿ ಬೇರೆ ದಾರಿ ಹಿಡಿದೆ. ಏನೇನು ಸರಿ ಇಲ್ಲ ಅಂತ ನಾನೇ ಒಂದು ಹಾಳೆ ಬರೆದೆ. ಟ್ಯಾಂಕಿನ ಬಲಗಡೆ ಸಣ್ಣ ಗುಳಿ, ಹಿಂದಿನ ಟೈರು ಆರು ತಿಂಗಳಲ್ಲಿ ಬದಲಿಸಬೇಕು, ಒಮ್ಮೆ ನಿಂತಲ್ಲೇ ಎಡಕ್ಕೆ ಬಿದ್ದಿದೆ. ಬಂದವರ ಕೈಗೆ ಮೊದಲು ಆ ಹಾಳೆ ಕೊಟ್ಟೆ. ಅವರು ಓದಿ, ಗಾಡಿ ಸುತ್ತ ಒಂದು ಸುತ್ತು ಬಂದು, ಹೇಳಿದ ಬೆಲೆಯಲ್ಲಿ ಚೂರು ಮಾತ್ರ ಇಳಿಸಿ ಒಯ್ದರು. ಅದಾಗಿ ಎರಡು ವರ್ಷದ ಮೇಲೂ ಫೋನ್ ಮಾಡಿ ಗಾಡಿ ಚೆನ್ನಾಗಿದೆ ಅಂದಿದ್ದರು.

ಚೌಕಾಸಿಗೆ ಎಷ್ಟು ಜಾಗ ಬಿಡಬೇಕು? ಮನೆಯಲ್ಲೇ ಕೂತು ಕೊನೆ ಬೆಲೆ ನಿರ್ಧರಿಸಿ, ಕಾಗದದ ಮೇಲೆ ಬರೆದಿಡಿ. ಕೇಳುವ ಬೆಲೆ ಅದಕ್ಕಿಂತ ನೂರಕ್ಕೆ ಐದರಿಂದ ಎಂಟು ಮೇಲಿರಲಿ. ಗೆಳೆಯರು ಹೇಳಿದ ಒಂದೂವರೆ ಪಟ್ಟು ಇಟ್ಟರೆ ನಿಜವಾಗಿ ತಗೊಳ್ಳುವವರು ಫೋನೇ ಮಾಡುವುದಿಲ್ಲ. ಫೋನಿನಲ್ಲೇ ಕೊನೆ ಬೆಲೆ ಎಷ್ಟು ಅಂತ ಕೇಳುವವರಿಗೆ, ಬಂದು ಗಾಡಿ ನೋಡಿ, ಆಮೇಲೆ ಮಾತಾಡೋಣ ಅನ್ನಿ. ನೋಡದೆ ಇಳಿಸಿದ ಬೆಲೆಯನ್ನು ನೋಡಿದ ಮೇಲೆ ಮತ್ತೊಮ್ಮೆ ಇಳಿಸಬೇಕಾಗುತ್ತದೆ.

ಎರಡು ವಾರ ಯಾರೂ ಫೋನ್ ಮಾಡದಿದ್ದರೆ ಬೆಲೆ ಜಾಸ್ತಿ ಆಯಿತು. ಮೊದಲ ದಿನವೇ ಹತ್ತು ಜನ ಕೇಳಿದರೆ ಕಡಿಮೆ ಇಟ್ಟಿದ್ದೀರಿ. ಜನ ಬಂದು ನೋಡಿ ಸುಮ್ಮನೆ ಹೋಗುತ್ತಿದ್ದರೆ ತೊಂದರೆ ಬೆಲೆಯಲ್ಲಿ ಇಲ್ಲ, ನೀವು ಬರೆದದ್ದಕ್ಕೂ ಅವರು ಕಂಡದ್ದಕ್ಕೂ ತಾಳೆಯಾಗುತ್ತಿಲ್ಲ. ಏನು ಹಿಡಿಸಲಿಲ್ಲ ಅಂತ ನೇರವಾಗಿ ಕೇಳಿ, ಹೇಳುತ್ತಾರೆ. ಇಳಿಸುವುದಾದರೆ ಒಂದೇ ಸಲ ಗೊತ್ತಾಗುವಷ್ಟು ಇಳಿಸಿ. ವಾರಕ್ಕೊಮ್ಮೆ ಚೂರುಚೂರು ಇಳಿಸಿದರೆ ಜನ ಇನ್ನೂ ಇಳಿಯಲಿ ಅಂತ ಕಾಯುತ್ತಾರೆ. ಮಳೆಯೋ ಚಳಿಯೋ ಜೋರಿರುವ ತಿಂಗಳಲ್ಲಿ ಬೈಕು ಕೇಳುವವರು ಕಡಿಮೆ, ಅವಸರ ಇಲ್ಲದಿದ್ದರೆ ಅದು ಕಳೆಯಲಿ.

ನೋಡಲು ಬರುವ ದಿನ ಎಂಜಿನ್ ತಣ್ಣಗಿರಲಿ. ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತದೆ. ತಣ್ಣಗಿದ್ದಾಗ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ಹೊಗೆ ಇಲ್ಲದೆ, ಟ್ಯಾಪೆಟ್ ಸದ್ದು (ಎಂಜಿನ್ ಮೇಲ್ಭಾಗದಿಂದ ಬರುವ ಟಿಕ್ ಟಿಕ್ ಸದ್ದು) ಹದವಾಗಿದ್ದರೆ ನಿಮ್ಮ ಪರವಾಗಿ ಗಾಡಿಯೇ ಮಾತಾಡುತ್ತದೆ. ಅವರ ಮೆಕ್ಯಾನಿಕ್ ಬಂದು ನೋಡುತ್ತಾರೆ ಅಂದರೆ ಖುಷಿಯಿಂದ ಒಪ್ಪಿಕೊಳ್ಳಿ. ಚೆನ್ನಾಗಿಟ್ಟ ಗಾಡಿಗೆ ಅದರಿಂದ ಲಾಭವೇ.

ಕಾಗದಪತ್ರದಲ್ಲಿ ಕೊರತೆ ಇದ್ದರೆ ಬೆಲೆ ಯಾವ ರಿಪೇರಿಗಿಂತಲೂ ಜಾಸ್ತಿ ಬೀಳುತ್ತದೆ. ಸಾಲ ತೀರಿದ್ದರೆ ಅದರ ಪತ್ರ ಕೈಯಲ್ಲಿರಲಿ. ಚಾಸಿ ನಂಬರ್, ಎಂಜಿನ್ ನಂಬರ್ ದಾಖಲೆಯ ಜೊತೆ ಅಕ್ಷರ ಅಕ್ಷರ ಹೊಂದುತ್ತದೆಯಾ ನೋಡಿ. ಎರಡನೇ ಕೀ ಹುಡುಕಿಡಿ. ದುಡ್ಡು ಬಂದ ಮೇಲೆ ಗಾಡಿ ಕೊಡುವ ದಿನವೇ ಹೆಸರು ಬದಲಾವಣೆಯ ಕಾಗದ ಪೂರ್ತಿ ತುಂಬಿಸಿ ಸಹಿ ಮಾಡಿ, ಖಾಲಿ ಕಾಗದಕ್ಕೆ ಸಹಿ ಬೇಡ.

ಈಗ ನಿಮ್ಮಿಂದ ಮೂರು ವಿಷಯ ಬೇಕು. ಎರಡೂ ಟೈರಿನ ಆ ನಾಲ್ಕು ಅಂಕಿ, ಚೈನ್ ಸೆಟ್ ಎಷ್ಟು ಕಿಲೋಮೀಟರ್ ಆದಾಗ ಬದಲಿಸಿದ್ದು, ಮತ್ತು ನಿಮಗೆ ಕಂಡ ಹತ್ತು ಜಾಹೀರಾತಿನ ಬೆಲೆಗಳು. ಇಲ್ಲೇ ಬರೆಯಿರಿ, ಕೂತು ಲೆಕ್ಕ ಹಾಕೋಣ. ಕಂಪನಿಯ ಹಳೆ ಸೈಲೆನ್ಸರ್ ಅಟ್ಟದ ಮೇಲೆ ಇದ್ದರೆ ಇವತ್ತೇ ಕೆಳಗಿಳಿಸಿ, ತುಕ್ಕು ಹಿಡಿದಿದೆಯಾ ನೋಡಿ.