ಸಾಲ, ಬೆಳೆ ನಷ್ಟವೇ ಆತ್ಮಹತ್ಯೆಗೆ ಕಾರಣವಾ?

ಸಾಲ ಒಂದೇ ಕಾರಣ ಅಂತ ಹೇಳಲಾಗುವುದಿಲ್ಲ. ಮಂಡ್ಯದಲ್ಲಿ ಕಬ್ಬು ಒಣಗಿದ ವರ್ಷ ಕಷ್ಟ ಊರಿಗೆಲ್ಲ ಬರುತ್ತದೆ, ಆದರೂ ಹೆಚ್ಚಿನವರು ಹೇಗೋ ದಾಟುತ್ತಾರೆ ಅಲ್ವಾ? ಪೆಟ್ಟಿನ ಮೇಲೆ ಪೆಟ್ಟು ಬಿದ್ದು, ಜೊತೆಗೆ ಖಿನ್ನತೆ, ಕುಡಿತ, ಒಂಟಿತನ ಸೇರಿದಾಗ ಅಪಾಯ ಜಾಸ್ತಿ. ನಿದ್ದೆ ಕೆಡುತ್ತದೆ. ‘ಮನೆಯವರಿಗೆ ನಾನೇ ಭಾರ’ ಅನ್ನಿಸತೊಡಗುತ್ತದೆ. ಅದು ಬಳಲಿದ ಮನಸ್ಸು ಹೇಳುವ ಸುಳ್ಳು. ಚಿಕಿತ್ಸೆಯಿಂದ ಖಿನ್ನತೆ ಇಳಿಯುತ್ತದೆ.

ದಿನಾ ಸಂಜೆ ಅರಳಿಕಟ್ಟೆಗೆ ಬರುತ್ತಿದ್ದವರು ಬರುವುದನ್ನೇ ಬಿಟ್ಟರೆ, ತಟ್ಟೆಯಲ್ಲಿ ಮುದ್ದೆ ಅರ್ಧಕ್ಕೇ ಉಳಿದರೆ, ದಯವಿಟ್ಟು ಸುಮ್ನೆ ಇರಬೇಡಿ. ಪಕ್ಕದಲ್ಲಿ ಕೂತು, ‘ಸಾಯಬೇಕು ಅನ್ನಿಸ್ತಿದೆಯಾ ಅಣ್ಣ?’ ಅಂತ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಎಷ್ಟೋ ಸಲ ಎದೆ ಹಗುರಾಗುತ್ತದೆ. ಅವರನ್ನು ಒಂಟಿಯಾಗಿ ಬಿಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.