ಹ್ಯಾವ್‌ಲಾಕ್‌ನಲ್ಲಿ ರಿಸಾರ್ಟ್ ಬುಕ್ ಮಾಡೋ ಮುಂಚೆ ತಿಥಿ ನೋಡಿ

ಮಾರ್ಚ್‌ನಲ್ಲಿ ಅಪ್ಪ ಅಮ್ಮ ಮತ್ತೆ ಆರು ವರ್ಷದ ಮಗಳನ್ನ ಕರ್ಕೊಂಡು ನಾಲ್ಕು ರಾತ್ರಿಗೆ ಅಂಡಮಾನಿಗೆ ಬರ್ತಿದೀವಿ, ಹ್ಯಾವ್‌ಲಾಕ್‌ನಲ್ಲಿ ಬೀಚ್ ಮುಂದೇನೇ ಇರೋ ರಿಸಾರ್ಟ್ ಬೇಕು, ಯಾವುದು ತಗೋಳೋದು ಅಂತ ಕೇಳಿದೀರಿ. ನಾನು ಹೊನ್ನಾವರ ಕಡೆಯವನು, ಈಗ ಇಲ್ಲೇ ಒಂದು ಡೈವ್ ಸೆಂಟರ್‌ನಲ್ಲಿ ಕೆಲಸ. ಊರ ಕಡೆಯಿಂದ ಬರೋರು ಎಲ್ಲಾರೂ ಕೇಳೋದು ಇದೇ. ರಿಸಾರ್ಟ್ ಹೆಸರು ಆಮೇಲೆ ನೋಡೋಣ, ಮೊದಲು ಅದು ದ್ವೀಪದ ಯಾವ ಕಡೆ ಇದೆ, ನೀವು ಬರೋ ದಿನ ತಿಥಿ ಯಾವುದು ಅಂತ ನೋಡ್ಕೊಳಿ.

ಯಾಕಂದ್ರೆ ಇಲ್ಲಿನ ಹೆಚ್ಚಿನ ರಿಸಾರ್ಟ್‌ಗಳು ಪೂರ್ವದ ಕಡೆ ಇವೆ, ಗೋವಿಂದನಗರ, ವಿಜಯನಗರ, ಅಂದ್ರೆ ಎಲ್ಲರೂ ಬೀಚ್ ನಂಬರ್ 3, ನಂಬರ್ 5 ಅಂತಾರಲ್ಲ ಅಲ್ಲಿ. ವೆಬ್‌ಸೈಟ್ ಫೋಟೋದಲ್ಲಿ ಕಾಣೋ ಆ ಹಸಿರು ನೀಲಿ ನೀರು ಸುಳ್ಳಲ್ಲ, ಆದ್ರೆ ಅದು ಉಬ್ಬರ ಇದ್ದಾಗ ತೆಗೆದಿದ್ದು. ಇಳಿತ ಬಂತು ಅಂದ್ರೆ ಅದೇ ಜಾಗದಲ್ಲಿ ನೀರು ದೂರಕ್ಕೆ ಸರಿದು ಕಲ್ಲು, ಸತ್ತ ಹವಳ, ಕೆಸರು ಮೇಲೆ ಬಂದಿರುತ್ತೆ, ಕಾಲಿಟ್ರೆ ಕುಯ್ಯುತ್ತೆ, ಈಜೋ ಮಾತೇ ಇಲ್ಲ. ಹುಣ್ಣಿಮೆ ಅಮಾವಾಸ್ಯೆ ಆಸುಪಾಸಲ್ಲಿ ಉಬ್ಬರಕ್ಕೂ ಇಳಿತಕ್ಕೂ ಸುಮಾರು ಎರಡು ಮೀಟರ್ ವ್ಯತ್ಯಾಸ ಇರುತ್ತೆ, ಇಳಿಜಾರು ಇಲ್ಲದ ಚಪ್ಪಟೆ ದಡದಲ್ಲಿ ಎರಡು ಮೀಟರ್ ಅಂದ್ರೆ ತುಂಬಾ ದೂರ. ಅಷ್ಟು ದುಡ್ಡು ಕೊಟ್ಟು ಬಂದು ಮಧ್ಯಾಹ್ನ ಬಾಲ್ಕನಿಯಲ್ಲಿ ನಿಂತು ಸಮುದ್ರ ಎಲ್ಲಿ ಹೋಯ್ತು ಅಂತ ಮುಖ ಸಣ್ಣ ಮಾಡ್ಕೊಂಡೋರನ್ನ ನೋಡಿ ನನಗೆ ನಿಜಕ್ಕೂ ಬೇಜಾರಾಗುತ್ತೆ, ಬುಕ್ ಮಾಡುವಾಗ ಯಾರಾದ್ರೂ ಒಂದು ಮಾತು ಹೇಳಿದ್ರೆ ಸಾಕಿತ್ತು.

ಲೆಕ್ಕ ಸುಲಭ. ಹುಣ್ಣಿಮೆ ಅಥವಾ ಅಮಾವಾಸ್ಯೆ ಹತ್ರ ಆದ್ರೆ ಇಲ್ಲಿ ಬೆಳಿಗ್ಗೆ ಹತ್ತು ಗಂಟೆ ಆಸುಪಾಸಿಗೆ ನೀರು ತುಂಬಿರುತ್ತೆ, ಮಧ್ಯಾಹ್ನ ನಾಲ್ಕರ ಹೊತ್ತಿಗೆ ಪೂರಾ ಇಳಿದಿರುತ್ತೆ. ಅಷ್ಟಮಿ ಹತ್ರ ಆದ್ರೆ ಹೆಚ್ಚುಕಮ್ಮಿ ಉಲ್ಟಾ, ಬೆಳಿಗ್ಗೆ ಇಳಿತ, ಮಧ್ಯಾಹ್ನದ ಮೇಲೆ ಉಬ್ಬರ, ಆದ್ರೆ ಆಗ ವ್ಯತ್ಯಾಸಾನೂ ಕಮ್ಮಿ. ಈ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗಿಂತ ಸ್ವಲ್ಪ ಜಾಸ್ತಿ ತಡವಾಗ್ತಾ ಹೋಗುತ್ತೆ ಅಷ್ಟೇ. ಮನೆ ಗೋಡೆ ಮೇಲಿನ ಕ್ಯಾಲೆಂಡರ್ ಸಾಕು ಅಂದಾಜಿಗೆ, ನಿಖರವಾಗಿ ಬೇಕಂದ್ರೆ ಪೋರ್ಟ್ ಬ್ಲೇರ್ ಟೈಡ್ ಟೇಬಲ್ ಅಂತ ಹುಡುಕಿ.

ಪಶ್ಚಿಮದ ಕಡೆ ಇರೋದು ರಾಧಾನಗರ, ಬೀಚ್ ನಂಬರ್ 7, 2004ರಲ್ಲಿ ಟೈಮ್ ಪತ್ರಿಕೆ ಏಷ್ಯಾದಲ್ಲೇ ಒಳ್ಳೆ ಬೀಚ್ ಅಂದಿತ್ತಲ್ಲ ಅದೇ. ಅಲ್ಲಿ ಬರೀ ಮರಳು, ನೀರು ಇಳಿದ್ರೂ ಈಜಬಹುದು. ಆ ಕಡೆ ಉಳ್ಕೊಳೋಕೆ ಜಾಗ ಕಮ್ಮಿ, ಇರೋದ್ರಲ್ಲಿ ತಾಜ್, ಬೇರ್‌ಫುಟ್ ಥರದ್ದೆಲ್ಲ ದುಬಾರಿ, ಜೆಟ್ಟಿಯಿಂದ ಹನ್ನೆರಡು ಕಿಲೋಮೀಟರ್ ಹತ್ರ, ಕತ್ತಲಾದ್ಮೇಲೆ ಊಟಕ್ಕೆ ಹೊರಗೆ ಹೋಗ್ತೀನಿ ಅಂದ್ರೆ ಅನುಕೂಲ ಇಲ್ಲ. ನಿಮ್ಮ ಜೊತೆ ವಯಸ್ಸಾದೋರು, ಚಿಕ್ಕ ಮಗು ಇರೋದ್ರಿಂದ ನಾನು ಹೇಳೋದು ಪೂರ್ವದ ಕಡೆನೇ ಉಳ್ಕೊಳಿ, ಮಾರ್ಕೆಟ್, ಔಷಧಿ ಅಂಗಡಿ, ಊಟ ಎಲ್ಲಾ ಹತ್ರ. ಉಬ್ಬರದ ಹೊತ್ತಲ್ಲಿ ರಿಸಾರ್ಟ್ ಮುಂದಿನ ನೀರು ಅಲೆ ಇಲ್ಲದೆ ಮಂಡಿವರೆಗೆ ನಿಂತಿರುತ್ತೆ, ಆರು ವರ್ಷದ ಮಗೂಗೆ ರಾಧಾನಗರದ ಅಲೆಗಿಂತ ಇದೇ ಒಳ್ಳೇದು. ಇಳಿತದ ಹೊತ್ತಿಗೆ ಟ್ಯಾಕ್ಸಿ ಮಾಡ್ಕೊಂಡು ರಾಧಾನಗರಕ್ಕೆ ಹೋಗಿ. ಸೀ ವ್ಯೂ ರೂಮಿಗೆ ಜಾಸ್ತಿ ದುಡ್ಡು ಕೊಡ್ಬೇಡಿ, ಗಾರ್ಡನ್ ಕಾಟೇಜ್ ತಗೊಂಡು ಹತ್ತು ಹೆಜ್ಜೆ ನಡೀರಿ, ಸಮುದ್ರ ಎಲ್ಲರಿಗೂ ಒಂದೇ. ಬದಲಿಗೆ ಜನರೇಟರ್ ರಾತ್ರಿಯಿಡೀ ಇರುತ್ತಾ, ಮೆಟ್ಟಿಲು ಎಷ್ಟು, ನೀರಿಗೆ ತೊಂದರೆ ಇದ್ಯಾ ಅಂತ ಫೋನ್ ಮಾಡಿ ಕೇಳಿ. ಮಾರ್ಚ್ ಏಪ್ರಿಲ್ ಅಂದ್ರೆ ಇಲ್ಲಿ ಮಳೆ ಇಲ್ಲದ ಕಾಲ, ಸಿಹಿನೀರು ಕಷ್ಟದಲ್ಲಿ ಸಿಗೋದು, ನೀವೂ ಸ್ನಾನಕ್ಕೆ ಹಿಡಿತದಲ್ಲಿ ಬಳಸಿ ದಯವಿಟ್ಟು.

ಇನ್ನೊಂದು, ಗಡಿಯಾರ. ಟೈಮ್ ಬೆಂಗಳೂರಿಂದೇ, ಆದ್ರೆ ನಾವು ಅಷ್ಟು ಪೂರ್ವಕ್ಕೆ ಇರೋದ್ರಿಂದ ಮಾರ್ಚ್‌ನಲ್ಲಿ ಬೆಳಿಗ್ಗೆ ಐದೂವರೆಗೆ ಸೂರ್ಯ ಹುಟ್ಟಿ ಸಂಜೆ ಐದೂವರೆಗೇ ಮುಳುಗ್ತಾನೆ. ಒಂಬತ್ತಕ್ಕೆ ಎದ್ದು ತಿಂಡಿ ತಿಂದು ಹನ್ನೊಂದಕ್ಕೆ ಹೊರಟ್ರೆ ಅರ್ಧ ದಿನ ಹೋಯ್ತು. ಆರು ಗಂಟೆಗೆಲ್ಲ ಬೀಚಿಗೆ ಬನ್ನಿ, ಹತ್ತೂವರೆಯಿಂದ ಮೂರರವರೆಗೆ ಅಪ್ಪ ಅಮ್ಮ ಮಲಗ್ಲಿ, ಮತ್ತೆ ನಾಲ್ಕಕ್ಕೆ ರಾಧಾನಗರ. ಕತ್ತಲಾಗೋ ಮುಂಚೆ ನೀರಿಂದ ಎದ್ದುಬಿಡಿ, ಲೈಫ್‌ಗಾರ್ಡ್ ಸೀಟಿ ಊದಿದ್ರೆ ವಾದ ಮಾಡ್ಬೇಡಿ. ಈ ದ್ವೀಪಗಳಲ್ಲಿ ಉಪ್ಪುನೀರಿನ ಮೊಸಳೆ ಇದೆ, 2010ರಲ್ಲಿ ರಾಧಾನಗರದ ಹತ್ರಾನೇ ಒಬ್ಬ ಪ್ರವಾಸಿ ಜೀವ ಕಳ್ಕೊಂಡಿದಾರೆ. ಬೀಚ್ ಕೊನೇಲಿರೋ ನೀಲ್ಸ್ ಕೋವ್ ಕಡೆ ನೋಡೋಕೆ ಚೆಂದ, ಅಲ್ಲಿ ನೀರಿಗೆ ಇಳೀಬೇಡಿ. ಮರಳಿನ ನೊಣ ಕೂಡ ಕಚ್ಚುತ್ತೆ, ಕಾಲಿಗೆ ತೆಂಗಿನೆಣ್ಣೆ ದಪ್ಪಗೆ ಹಚ್ಚಿ, ಮರಳ ಮೇಲೆ ನೇರ ಕೂರ್ಬೇಡಿ, ಕಚ್ಚಿದ್ರೆ ಕೆರೀಬೇಡಿ.

ಪ್ರಯಾಣದ ವಿಷಯ. ಬೆಂಗಳೂರಿಂದ ಬೆಳಗಿನ ಫ್ಲೈಟೇ ತಗೊಳಿ, ಪೋರ್ಟ್ ಬ್ಲೇರ್‌ಗೆ (2024ರಿಂದ ಶ್ರೀ ವಿಜಯ ಪುರಂ ಅಂತ ಹೆಸರು, ಹ್ಯಾವ್‌ಲಾಕ್‌ಗೂ 2018ರಿಂದ ಸ್ವರಾಜ್ ದ್ವೀಪ ಅಂತ, ಟಿಕೆಟ್‌ನಲ್ಲಿ ಎರಡೂ ಕಾಣುತ್ತೆ, ಗಾಬರಿ ಆಗ್ಬೇಡಿ) ಬೇಗ ಇಳಿದ್ರೆ ಮಾತ್ರ ಅದೇ ದಿನ ಮಧ್ಯಾಹ್ನದ ಫೆರ್ರಿ ಆರಾಮಾಗಿ ಸಿಗುತ್ತೆ. ಮಕ್ರೂಝ್, ನಾಟಿಕಾ ಥರದ ಖಾಸಗಿ ಬೋಟ್ ಒಂದೂವರೆ ಗಂಟೆ, ಸರ್ಕಾರಿ ಹಡಗು ಎರಡೂವರೆ. ಅಮ್ಮನಿಗೆ ಬಸ್ಸಲ್ಲಿ ವಾಂತಿ ಆಗೋ ಅಭ್ಯಾಸ ಇದ್ರೆ ಡಾಕ್ಟರ್ ಹತ್ರ ಕೇಳಿ ಮಾತ್ರೆ ಮೊದಲೇ ಕೊಡಿ, ಹಿಂದಿನ ಸಾಲಿನಲ್ಲಿ ಮಧ್ಯದ ಸೀಟ್ ಆರಿಸಿ, ಮುಂದೆ ಕೂತ್ರೆ ಎತ್ತಿ ಎತ್ತಿ ಹಾಕುತ್ತೆ. ವಾಪಸ್ ಹೋಗುವಾಗ ಕೊನೇ ರಾತ್ರಿ ಪೋರ್ಟ್ ಬ್ಲೇರ್‌ನಲ್ಲಿ ಇರೋ ಹಾಗೆ ಮಾಡಿ, ಇದನ್ನ ಒತ್ತಿ ಹೇಳ್ತೀನಿ. ಗಾಳಿ ಎದ್ರೆ ಫೆರ್ರಿ ಕ್ಯಾನ್ಸಲ್ ಆಗುತ್ತೆ, ಫ್ಲೈಟ್ ನಿಮಗೋಸ್ಕರ ಕಾಯಲ್ಲ. ಮೂರು ರಾತ್ರಿ ಹ್ಯಾವ್‌ಲಾಕ್, ಒಂದು ರಾತ್ರಿ ಅಲ್ಲಿ. ಪಕ್ಕದ ನೀಲ್ ದ್ವೀಪಾನೂ ಸೇರಿಸಿದ್ರೆ ಬರೀ ಜೆಟ್ಟಿಯಲ್ಲಿ ಲಗೇಜ್ ಕಾಯೋದೇ ಆಗುತ್ತೆ.

ನೀವು ಡೈವ್ ಮಾಡೋದಾದ್ರೆ ಮೊದಲ ಅಥವಾ ಎರಡನೇ ದಿನವೇ ಮಾಡಿ, ಕೊನೆಗೆ ಇಟ್ಕೋಬೇಡಿ, ನೀರಡಿ ಹೋಗಿ ಬಂದ್ಮೇಲೆ ವಿಮಾನ ಹತ್ತೋಕೆ 18 ಗಂಟೆ ಅಂತರ ಇರ್ಲಿ. ಈಜು ಬರ್ದೇ ಇದ್ರೂ ಪರವಾಗಿಲ್ಲ, ಆದ್ರೆ ಫಾರ್ಮ್‌ನಲ್ಲಿ ಬಿಪಿ, ಅಸ್ತಮಾ, ಕಿವಿ ಆಪರೇಷನ್ ಏನಿದ್ರೂ ಮುಚ್ಚಿಡದೆ ಬರೀರಿ, ನಾವು ಕೇಳೋದು ನಿಮ್ಮ ಜೀವದ ಮೇಲಿನ ಕಾಳಜಿಗೆ. ಮಗಳಿಗೆ ಸ್ಕೂಬಾ ಆಗಲ್ಲ, ಹತ್ತು ವರ್ಷ ಆಗಿರ್ಬೇಕು. ಅವಳಿಗೆ ಎಲಿಫೆಂಟ್ ಬೀಚಲ್ಲಿ ಗ್ಲಾಸ್ ಬಾಟಮ್ ಬೋಟ್ ಸಾಕು, ಜೆಟ್ಟಿಯಿಂದ ಹೊರಡೋ ಮೊದಲ ಬೋಟಲ್ಲೇ ಹೋಗಿ, ಹತ್ತು ಗಂಟೆ ಮೇಲೆ ಸಂತೆ. ನೀರಲ್ಲಿ ಹವಳದ ಮೇಲೆ ಕಾಲಿಡಬೇಡಿ, ಕೈಗೆ ಸಿಕ್ತು ಅಂತ ಹಿಡ್ಕೋಬೇಡಿ, ಅದು ಜೀವ ಇರೋ ಪ್ರಾಣಿ, ಬೆಳೆಯೋದು ತುಂಬಾ ನಿಧಾನ.

ಅಮಾವಾಸ್ಯೆ ವಾರದಲ್ಲಿ ಬಂದ್ರೆ ಒಂದು ಲಾಭ ಇದೆ, ಚಂದ್ರ ಇಲ್ಲದ ರಾತ್ರಿ ಹತ್ತರ ಹೊತ್ತಿಗೆ ಉಬ್ಬರ ಇರುತ್ತೆ, ಮ್ಯಾಂಗ್ರೋವ್ ಕಡೆ ಕಯಾಕ್‌ನಲ್ಲಿ ಹೋದ್ರೆ ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಮಿನುಗುತ್ತೆ. ಗೈಡ್ ಇಲ್ಲದೆ ಹೋಗೋದು ಬೇಡ.

ನಗದು ಜಾಸ್ತಿ ಇಟ್ಕೊಳಿ, ಎಟಿಎಂ ನಂಬ್ಕೋಬೇಡಿ. ಅಪ್ಪ ಅಮ್ಮನ ಮಾತ್ರೆ ಒಂದು ವಾರದ್ದು ಜಾಸ್ತಿ ತನ್ನಿ, ಇಲ್ಲಿಗೆ ಸಾಮಾನೆಲ್ಲ ಹಡಗಲ್ಲೇ ಬರ್ಬೇಕು. ಊಟಕ್ಕೆ ಮಾರ್ಕೆಟ್ ಹತ್ರದ ಬಂಗಾಳಿ ಮನೆಯವರ ಮೀನೂಟ ತಪ್ಪಿಸ್ಬೇಡಿ, 1950ರ ದಶಕದಲ್ಲಿ ಪೂರ್ವ ಬಂಗಾಳದಿಂದ ಬಂದು ನೆಲೆಸಿದ ಕುಟುಂಬಗಳು ಅವು, ರಿಸಾರ್ಟ್ ಬಫೆಗಿಂತ ಎಷ್ಟೋ ಚೆನ್ನಾಗಿರುತ್ತೆ. ಮಗಳು ಕಪ್ಪೆಚಿಪ್ಪು, ಹವಳದ ತುಂಡು ಆರಿಸಿ ಚೀಲಕ್ಕೆ ಹಾಕ್ತಾಳೆ, ಹೊರಡೋ ಮುಂಚೆ ಎಲ್ಲಾ ವಾಪಸ್ ಬೀಚಲ್ಲೇ ಬಿಡಿಸಿ, ಏರ್‌ಪೋರ್ಟ್‌ ಸ್ಕ್ಯಾನರ್‌ನಲ್ಲಿ ಹಿಡೀತಾರೆ. ದಿನಾಂಕ ಗಟ್ಟಿ ಆದ್ಮೇಲೆ ಕೆಳಗೆ ಕಾಮೆಂಟ್ ಹಾಕಿ, ಯಾವ ದಿನ ಎಷ್ಟು ಹೊತ್ತಿಗೆ ನೀರಿರುತ್ತೆ ಅಂತ ಬರೆದು ಕೊಡ್ತೀನಿ.