ನಮ್ಮೂರ ತಿರುವಿನಲ್ಲಿ ಪದೇ ಪದೇ ಅಪಘಾತ ಆಗುತ್ತಿದೆ. ರಸ್ತೆಯಲ್ಲೇ ದೋಷ ಇದೆಯಾ ಅಂತ ನಾವೇ ನೋಡಿ ತಿಳಿಯಬಹುದಾ?

ಖಂಡಿತ ತಿಳಿಯಬಹುದು. ಬೇಲೂರು–ಚಿಕ್ಕಮಗಳೂರು ದಾರಿಯಲ್ಲಿ ಎಸ್ಟೇಟ್ ಪಕ್ಕದ ಒಂದು ತಿರುವಿನಲ್ಲಿ ಬೈಕಿನವರು ಬೀಳುತ್ತಲೇ ಇದ್ದಾರೆ, ಪ್ರತಿ ಸಲವೂ ‘ಜೋರಾಗಿ ಓಡಿಸಿದ, ಬಿದ್ದ’ ಅನ್ನುವಲ್ಲಿಗೆ ಮಾತು ಮುಗಿಯುತ್ತದೆ ಎಂದು ಬರೆದಿದ್ದೀರಿ. ನನಗೆ ತುಂಬಾ ಬೇಸರ ತರಿಸುವುದು ಆ ಮಾತೇ. ಬೇರೆ ಬೇರೆ ಜನ, ಬೇರೆ ಬೇರೆ ದಿನ, ಒಂದೇ ಜಾಗದಲ್ಲಿ ಒಂದೇ ರೀತಿ ಬಿದ್ದರೆ ಅಲ್ಲಿ ಬದಲಾಗದೆ ಉಳಿದಿರುವುದು ರಸ್ತೆ ಮಾತ್ರ. ಅದನ್ನು ಯಾರೂ ವಿಚಾರಿಸುವುದೇ ಇಲ್ಲ.

ನಾನು ಸಿವಿಲ್ ಇಂಜಿನಿಯರ್. ಹಾಸನದ ಸುತ್ತಮುತ್ತ ರಸ್ತೆ ಸುರಕ್ಷತಾ ಪರಿಶೀಲನೆ ಮಾಡುವ ತಂಡಗಳ ಜೊತೆ ಓಡಾಡಿದ್ದೇನೆ. ಈ ಕೆಲಸಕ್ಕೆ, ದೇಶದ ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಐಆರ್‌ಸಿ) ಕೈಪಿಡಿಯೇ ಇದೆ, ಐಆರ್‌ಸಿ ಎಸ್‌ಪಿ 88 ಅಂತ. 2010ರಲ್ಲಿ ಬಂತು, 2019ರಲ್ಲಿ ಪರಿಷ್ಕರಿಸಿದರು. ಹೊಸ ರಸ್ತೆಯ ನಕ್ಷೆ ಮಾತ್ರ ಅಲ್ಲ, ಈಗಾಗಲೇ ಜನ ಓಡಾಡುತ್ತಿರುವ ರಸ್ತೆಯನ್ನೂ ನೋಡಬೇಕು ಅಂತ ಅದರಲ್ಲಿದೆ.

ಇನ್ನೊಂದು ಕಡೆ, ಪದೇ ಪದೇ ಅಪಘಾತ ಆಗುವ ಜಾಗಗಳನ್ನು ಗುರುತಿಸಲು ‘ಬ್ಲ್ಯಾಕ್ ಸ್ಪಾಟ್’ ಅನ್ನುವ ಲೆಕ್ಕ ಇದೆ. ರಾಷ್ಟ್ರೀಯ ಹೆದ್ದಾರಿಯಲ್ಲಿ ಸುಮಾರು 500 ಮೀಟರ್ ಉದ್ದದೊಳಗೆ 3 ವರ್ಷದಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ಅಂದರೆ ಪಟ್ಟಿಗೆ ಸೇರಬೇಕಾದರೆ ಮೊದಲು ಅಷ್ಟು ಜನ ಬಲಿಯಾಗಬೇಕು. ಪರಿಶೀಲನೆಗೆ ಅಷ್ಟು ದಿನ ಕಾಯಬೇಕಿಲ್ಲ. ಬಿದ್ದು, ಮೈ ಕೊಡವಿಕೊಂಡು ಮನೆಗೆ ಹೋದ ಬೈಕಿನವರು ಯಾವ ದಾಖಲೆಯಲ್ಲೂ ಸಿಗುವುದಿಲ್ಲ. ಆದರೆ ರಸ್ತೆಯಲ್ಲಿ ಅವರ ಗುರುತು ಇರುತ್ತದೆ. ಇಂಡಿಕೇಟರ್ ಗಾಜಿನ ಚೂರು, ಟೈರು ಉಜ್ಜಿದ ಕಪ್ಪು ಗೆರೆ, ಸಿಲ್ವರ್ ಓಕ್ ಮರದ ಬುಡದಲ್ಲಿ ಸುಲಿದ ತೊಗಟೆ, ಮೋರಿಯ ಕಟ್ಟೆಯಲ್ಲಿ ಒಡೆದ ಮೂಲೆ. ಮೊದಲು ಇವನ್ನು ಹುಡುಕಿ. ಹತ್ತಿರದ ಪಂಕ್ಚರ್ ಅಂಗಡಿಯವರನ್ನೂ ಕೇಳಿ. ಯಾವ ಹೊತ್ತಿನಲ್ಲಿ, ಯಾವ ಕಡೆಯಿಂದ ಬಂದವರು ಜಾಸ್ತಿ ಬೀಳುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ.

ಕಾರಿನಲ್ಲಿ ಕೂತು ಬೆಳಗ್ಗೆ ಹನ್ನೊಂದು ಗಂಟೆಗೆ ಒಂದು ಸುತ್ತು ಹೋಗಿ ಬಂದರೆ ಏನೂ ಕಾಣುವುದಿಲ್ಲ. ನಡೆದೇ ನೋಡಬೇಕು, ಎರಡೂ ದಿಕ್ಕಿನಲ್ಲಿ. ಆಮೇಲೆ ರಾತ್ರಿ ಒಮ್ಮೆ, ಮಳೆಯಲ್ಲಿ ಒಮ್ಮೆ. ನಮ್ಮ ಮಲೆನಾಡಿನ ರಸ್ತೆಗಳಿಗೆ ಮಳೆಯ ಪರೀಕ್ಷೆ ಬಹಳ ಮುಖ್ಯ ಅಂತ ನನ್ನ ಅಭಿಪ್ರಾಯ. ತಿರುವಿನಲ್ಲಿ ರಸ್ತೆಯ ಹೊರ ಅಂಚು ಎತ್ತರ, ಒಳ ಅಂಚು ತಗ್ಗು ಇರಬೇಕು. ವರ್ಷ ವರ್ಷ ಡಾಂಬರಿನ ಮೇಲೆ ಡಾಂಬರು ಹಾಕುತ್ತಾ ಈ ಓರೆ ಹೋಗಿಬಿಟ್ಟಿರುತ್ತದೆ. ಅಳೆಯಲು ಯಂತ್ರ ಬೇಕಿಲ್ಲ, ಮಳೆ ಬರುವಾಗ ನೀರು ಎತ್ತ ಹರಿಯುತ್ತದೆ ನೋಡಿ. ತಿರುವಿನ ಹೊರಗಡೆಗೆ ಹರಿದರೆ, ಅಥವಾ ಮಧ್ಯದಲ್ಲೇ ನಿಂತರೆ, ಬೈಕನ್ನು ಹೊರಗೆ ತಳ್ಳುತ್ತಿರುವುದು ರಸ್ತೆಯೇ. ಎಸ್ಟೇಟ್ ಕಡೆಯಿಂದ ಕೆಮ್ಮಣ್ಣು ಕೊಚ್ಚಿ ಬರುತ್ತದಾ, ಮರದ ನೆರಳಲ್ಲಿ ಪಾಚಿ ಕಟ್ಟಿದೆಯಾ ಅನ್ನುವುದೂ ಆಗಲೇ ತಿಳಿಯುತ್ತದೆ. ಹಾಗೇ ಡಾಂಬರಿನ ಅಂಚನ್ನು ನೋಡಿ. ಪಕ್ಕದ ಮಣ್ಣು ಕೊಚ್ಚಿ ಹೋಗಿ ಗೇಣುದ್ದ ತಗ್ಗಾಗಿದ್ದರೆ, ಎದುರು ಬಂದ ಬಸ್ಸಿಗೆ ದಾರಿ ಬಿಡಲು ಕೆಳಗಿಳಿದ ಬೈಕು ಮತ್ತೆ ಮೇಲೆ ಹತ್ತುವಾಗ ಜಾರಿ ಬಸ್ಸಿನ ಕೆಳಗೇ ಹೋಗುತ್ತದೆ.

ರಾತ್ರಿ ನೋಡಬೇಕಾದ್ದು ಬೇರೆ. ತಿರುವು ಇದೆ ಅಂತ ಹೆಡ್‌ಲೈಟಿನಲ್ಲಿ ಎಷ್ಟು ದೂರದಿಂದ ಗೊತ್ತಾಗುತ್ತದೆ? ಬೋರ್ಡು ಹೊಳೆಯುತ್ತದಾ, ಅಥವಾ ಅದರ ಮೇಲೆ ಲಂಟಾನ ಹಬ್ಬಿದೆಯಾ? ಬಿಳಿ ಪಟ್ಟೆ ಉಳಿದಿದೆಯಾ? ಬಹಳ ಕಡೆ ನಾನು ಕಂಡ ಒಂದು ಅಪಾಯ ಹೇಳುತ್ತೇನೆ. ರಸ್ತೆ ಎಡಕ್ಕೆ ತಿರುಗುತ್ತದೆ, ಆದರೆ ಸಾಲುಮರಗಳು ಅಥವಾ ವಿದ್ಯುತ್ ಕಂಬಗಳು ನೇರ ಹೋಗುತ್ತವೆ. ಮಂಜಿನಲ್ಲಿ ಬರುವ ಹೊಸಬ ಮರದ ಸಾಲನ್ನೇ ನಂಬಿ ನೇರ ಹೋಗುತ್ತಾನೆ. ಇದಕ್ಕೆ ಮರ ಕಡಿಯುವುದು ಮೊದಲ ಮದ್ದಲ್ಲ, ದಯವಿಟ್ಟು ಅದನ್ನು ಕೇಳಬೇಡಿ. ತಿರುವಿನ ಹೊರಗಡೆ ಬಾಣದ ಗುರುತಿನ ಬೋರ್ಡುಗಳ ಸಾಲು, ಮರಕ್ಕೆ ರಿಫ್ಲೆಕ್ಟರ್, ಅಂಚಿಗೆ ಬಿಳಿ ಪಟ್ಟೆ ಬಂದರೆ ಕಣ್ಣಿಗೆ ತಿರುವು ಕಾಣುತ್ತದೆ. ದೊಡ್ಡ ಖರ್ಚಿನ ಕೆಲಸವೇನಲ್ಲ.

ಇನ್ನು ನೋಟದ ದೂರ. ಇದನ್ನು ಅಳೆಯುವುದು ಸುಲಭ. ಚಾಲಕನ ಕಣ್ಣಿನ ಎತ್ತರ 1.2 ಮೀಟರ್, ರಸ್ತೆಯಲ್ಲಿ ಬಿದ್ದಿರುವ ವಸ್ತುವಿನ ಎತ್ತರ 15 ಸೆಂಟಿಮೀಟರ್ ಅಂತ ಇಂಜಿನಿಯರುಗಳು ಲೆಕ್ಕ ಇಟ್ಟುಕೊಳ್ಳುತ್ತಾರೆ. ರಸ್ತೆಯ ಅಂಚಿನಲ್ಲಿ, ಡಾಂಬರಿನ ಹೊರಗೆ, ಅಷ್ಟೆತ್ತರದ ಒಂದು ಡಬ್ಬ ಇಡಿ. ಬಗ್ಗಿ, ಕಣ್ಣನ್ನು 1.2 ಮೀಟರ್ ಎತ್ತರಕ್ಕೆ ತಂದು, ಡಬ್ಬ ಮರೆಯಾಗುವವರೆಗೂ ಹಿಂದೆ ಹೋಗಿ, ಆ ದೂರವನ್ನು ಟೇಪಿನಲ್ಲಿ ಅಳೆಯಿರಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ಗಾಡಿ ನಿಲ್ಲಲು ಸುಮಾರು 60 ಮೀಟರ್ ಬೇಕು, 80ರಲ್ಲಿ ಬಂದರೆ ಸುಮಾರು 120. 50ರಲ್ಲಿ ಬರುವವನಿಗೆ ಕಂಡು, ಯೋಚಿಸಿ, ಬ್ರೇಕಿಗೆ ಕಾಲಿಡುವ ಎರಡೂವರೆ ಸೆಕೆಂಡಿನಲ್ಲೇ ಸುಮಾರು 35 ಮೀಟರ್ ಕಳೆದುಹೋಗಿರುತ್ತದೆ. ನಿಮ್ಮ ಅಳತೆ 40 ಮೀಟರ್ ಬಂದರೆ, 50ರಲ್ಲಿ ಹೋಗುವ ಜಾಗರೂಕನೂ ಅಲ್ಲಿ ನಿಲ್ಲಿಸಲಾರ. ಬೇಲಿಯ ಗಿಡ ಸವರಿದರೆ ದೂರ ಹೆಚ್ಚುತ್ತದಾ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಕಾಲವನ್ನೂ ಮರೆಯಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನ ಆಳುಗಳನ್ನು ಪಿಕಪ್, ಜೀಪುಗಳಿಂದ ರಸ್ತೆಯಲ್ಲೇ ಇಳಿಸುತ್ತಾರೆ. ಎಸ್ಟೇಟ್ ಗೇಟು ತಿರುವಿನ ಒಳಗೇ ಇದ್ದರೆ ಅದನ್ನು ಬರೆದುಕೊಳ್ಳಿ. ಅರಸೀಕೆರೆ, ಕಡೂರು ಕಡೆ ಆದರೆ ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನು ರಸ್ತೆಗೇ ಹಾಸಿ ಒಕ್ಕಣೆ ಮಾಡುತ್ತಾರೆ. ಆ ಹುಲ್ಲಿನ ಮೇಲೆ ಬ್ರೇಕ್ ಹಿಡಿದ ಬೈಕು ನಿಲ್ಲುವುದಿಲ್ಲ. ಜೂನ್‌ನಲ್ಲಿ ಬಂದು ನೋಡಿದವರಿಗೆ ಇದ್ಯಾವುದೂ ಕಾಣುವುದಿಲ್ಲ.

ಅಪಘಾತ ಆದ ತಕ್ಷಣ ಊರಿನವರು ಕೇಳುವುದು ಹಂಪ್ಸ್. ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ರಾತ್ರೋರಾತ್ರಿ ಹಾಕಿದ, ಬಣ್ಣ ಇಲ್ಲದ, ಬೋರ್ಡಿಲ್ಲದ ಹಂಪ್ ಬೈಕಿನವರ ಪ್ರಾಣವನ್ನೇ ತೆಗೆಯುತ್ತದೆ. ಹಿಂದೆ ಕೂತ ಹೆಂಗಸರು, ಮಕ್ಕಳು ಎಗರಿ ಬೀಳುತ್ತಾರೆ. ಐಆರ್‌ಸಿ ಹೇಳುವ ಹಂಪ್ ಗಾಡಿ ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, ಬರೀ 10 ಸೆಂಟಿಮೀಟರ್ ಎತ್ತರ, ಮುಂಚೆಯೇ ಎಚ್ಚರಿಕೆಯ ಬೋರ್ಡು. ಅದರ ಸರಿಯಾದ ಜಾಗ ಹಳ್ಳಿಯ ರಸ್ತೆ ಮುಖ್ಯರಸ್ತೆಗೆ ಸೇರುವ ಮೊದಲು, ಹಳ್ಳಿಯ ರಸ್ತೆಯ ಮೇಲೆ. ತಿರುವಿನೊಳಗೆ ಹಾಕಿಸಲೇಬೇಡಿ.

ಇದನ್ನೆಲ್ಲ ಬರೆದ ಅರ್ಜಿಯನ್ನು ಯಾರಿಗೆ ಕೊಡಬೇಕು ಅನ್ನುವುದು ಮುಂದಿನ ಪ್ರಶ್ನೆ. ಕಿಲೋಮೀಟರ್ ಕಲ್ಲಿನ ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಿದ್ದರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ದರೆ ಹಳ್ಳಿ ರಸ್ತೆ. ಕಲ್ಲಿನ ಸಂಖ್ಯೆಯನ್ನೂ ಬರೆದುಕೊಳ್ಳಿ, ‘ಅಮುಕರ ತೋಟದ ಹತ್ತಿರ’ ಅಂತ ಬರೆದರೆ ಕಚೇರಿಯಲ್ಲಿ ಯಾರಿಗೂ ತಿಳಿಯುವುದಿಲ್ಲ. ರಾಜ್ಯ ಹೆದ್ದಾರಿ ಆದರೆ ಲೋಕೋಪಯೋಗಿ ಇಲಾಖೆಯ ಕಾರ್ಯಪಾಲಕ ಇಂಜಿನಿಯರ್‌ಗೆ ಕೊಡಿ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕೆಲವು ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಕೈಯಲ್ಲಿವೆ, ಕೆಲವು ಅದೇ ಇಲಾಖೆಯ ಹೆದ್ದಾರಿ ವಿಭಾಗದ ಕೈಯಲ್ಲಿವೆ. ತುರ್ತು ದೂರಿಗೆ 1033 ಇದೆ. ಯಾವುದೇ ಆದರೂ ಒಂದು ಪ್ರತಿಯನ್ನು ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಕೊಡಿ. ಅದಕ್ಕೆ ಡಿಸಿಯವರೇ ಅಧ್ಯಕ್ಷರು, ಎಸ್‌ಪಿ, ಆರ್‌ಟಿಒ, ಲೋಕೋಪಯೋಗಿಯವರು ಒಂದೇ ಮೇಜಿಗೆ ಬರುತ್ತಾರೆ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 198ಎ ಅನ್ನುವ ಕಲಂ ಇದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ನಿಗದಿತ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಹೊಣೆ ಹೊತ್ತವರಿಗೆ 1 ಲಕ್ಷ ರೂಪಾಯಿವರೆಗೆ ದಂಡ. ಅರ್ಜಿಯಲ್ಲಿ ಅದನ್ನು ಒಂದು ಸಾಲು ಸೇರಿಸಿ.

ಹೋಗುವಾಗ ಇಬ್ಬರಾದರೂ ಹೋಗಿ. ಒಬ್ಬರು ಅಳೆಯಲಿ, ಇನ್ನೊಬ್ಬರು ಬರುವ ಗಾಡಿಯ ಮೇಲೆ ಕಣ್ಣಿಡಲಿ. ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿಕೊಳ್ಳಿ, ತಿರುವಿನ ಹೊರ ಅಂಚಿನಲ್ಲಿ ನಿಲ್ಲಬೇಡಿ. ಎರಡೂ ದಿಕ್ಕಿನಿಂದ ಹಗಲು ಮತ್ತು ರಾತ್ರಿ ತೆಗೆದ ಫೋಟೋ, ಮಳೆ ನೀರು ಹರಿಯುವ ವಿಡಿಯೋ ಇಲ್ಲಿ ಕಾಮೆಂಟಿನಲ್ಲಿ ಹಾಕಿದರೆ ನಾನು ನೋಡಿ, ಅರ್ಜಿಯಲ್ಲಿ ಏನು ಕೇಳಬೇಕು ಅಂತ ಬರೆದುಕೊಡುತ್ತೇನೆ.